ಮಾಂಸಖಂಡದ ರೋಗವುಳ್ಳ ಹುಡುಗರ ಮೂಳೆಗಳ ರಕ್ಷಣೆ

(ಬ್ಲಾಕಿನ ಗ್ರಾಮಸ್ಥರ ಸಭೆಯಲ್ಲಿ ವೈದ್ಯಾಧಿಕಾರಿಗಳೊಬ್ಬರು ಮಾಡಿದ ಭಾಷಣ)



ಈ ಸಭೆಯಲ್ಲಿ ನಿಂತು ಮಾತನಾಡುವವರು ಸಾಮಾನ್ಯವಾಗಿ ಬೀಜ, ಗೊಬ್ಬರ, ದನಗಳ ಕಾಲುಬಾಯಿ ಜ್ವರ ಇವುಗಳ ವಿಷಯ ಹೇಳುವುದು ವಾಡಿಕೆ. ನಾನು ಹೇಳಹೊರಟಿರುವುದು ಬಹಳ ಅಪರೂಪವಾದ ಒಂದು ರೋಗದ ವಿಷಯ. ಸುಮಾರು 5,000 ಗಂಡುಮಕ್ಕಳು ಹುಟ್ಟಿದರೆ ಅವರಲ್ಲಿ ಒಬ್ಬನಿಗೆ ಇದು ಬರುತ್ತದೆ. ಇಷ್ಟು ಅಪರೂಪವಾದುದಕ್ಕೆ ಊರನ್ನೆಲ್ಲ ಏಕೆ ಕೂಡಿಸಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಬ್ಲಾಕಿನ ಹಳ್ಳಿಗಳನ್ನೆಲ್ಲ ಸೇರಿಸಿ ನೋಡಿದರೆ ಇಂಥ ಹುಡುಗರು ಕೆಲವರಾದರೂ ಇದ್ದೇ ಇರುತ್ತಾರೆ. ಅವರು ಬೀಳುವುದು ಆಸ್ಪತ್ರೆಯಲ್ಲಲ್ಲ. ಮನೆಯ ಹೊಸಿಲಿನಲ್ಲಿ, ಬಚ್ಚಲಿನಲ್ಲಿ, ಶಾಲೆಯ ಮೆಟ್ಟಿಲಿನಲ್ಲಿ. ಆಗ ಓಡಿಬರುವವರು ವೈದ್ಯರಲ್ಲ, ನೀವು. ಆ ಮೊದಲ ಗಳಿಗೆಯಲ್ಲಿ ನೆರೆಹೊರೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಆ ಹುಡುಗ ಮತ್ತೆ ನಡೆಯುವನೋ ಇಲ್ಲವೋ ಎಂಬುದು ಎಷ್ಟೋ ಸಲ ನಿರ್ಧಾರವಾಗುತ್ತದೆ. ಆದುದರಿಂದ ಈ ಮಾತು ಎಲ್ಲರಿಗೂ ಸೇರಿದ್ದು.

ರೋಗದ ಹೆಸರು ಡ್ಯುಷೆನ್ ಮಾಂಸಖಂಡ ಕ್ಷಯ. ಕ್ಷಯವೆಂದ ಮಾತ್ರಕ್ಕೆ ಕೆಮ್ಮಿನ ಕ್ಷಯವೆಂದು ಭಾವಿಸಬೇಡಿ. ಇದು ಅಂಟುರೋಗವಲ್ಲ, ಇಂಥ ಹುಡುಗನ ಪಕ್ಕದಲ್ಲಿ ಕುಳಿತು ಉಂಡರೆ ಯಾರಿಗೂ ಏನೂ ಆಗುವುದಿಲ್ಲ. 1860ರ ದಶಕದಲ್ಲಿ ಪ್ಯಾರಿಸಿನಲ್ಲಿದ್ದ ಡ್ಯುಷೆನ್ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದರು. ಆದ್ದರಿಂದ ಅವರ ಹೆಸರೇ ರೋಗಕ್ಕೆ ನಿಂತಿತು. ಕಾರಣ ಗೊತ್ತಾಗಲು ಮತ್ತೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. 1986ರಲ್ಲಿ ಅಮೆರಿಕದ ವಿಜ್ಞಾನಿ ಲೂಯಿಸ್ ಕುಂಕೆಲ್ ಮತ್ತು ಅವರ ಸಂಗಡಿಗರು ಯಾವ ವಂಶವಾಹಿ ಕೆಟ್ಟಿರುತ್ತದೆ ಎಂಬುದನ್ನು ಕಂಡುಹಿಡಿದರು. ಆ ವಂಶವಾಹಿಯ ಕೆಲಸ ಡಿಸ್ಟ್ರೋಫಿನ್ ಎಂಬ ಒಂದು ವಸ್ತುವನ್ನು ತಯಾರಿಸುವುದು. ಮಾಂಸಖಂಡದ ಎಳೆಗಳು ಬಿಗಿಯುವಾಗ, ಸಡಿಲುವಾಗ ಹರಿಯದಂತೆ ಹಿಡಿದಿಡುವುದೇ ಈ ವಸ್ತು. ಅದು ಇಲ್ಲದಿದ್ದರೆ ಮಾಂಸಖಂಡವು ಹುರಿಯಿಲ್ಲದ ಹಗ್ಗದಂತೆ. ಎಳೆದಷ್ಟೂ ಎಳೆ ಬಿಚ್ಚಿಕೊಳ್ಳುತ್ತದೆ.

ಮಗು ಹುಟ್ಟಿದಾಗ ಏನೂ ಕಾಣುವುದಿಲ್ಲ. ನಡೆಯುವುದು ಸ್ವಲ್ಪ ತಡವಾಗಬಹುದು. ಮೂರು ನಾಲ್ಕು ವರ್ಷಕ್ಕೆ ಓಡಲಾರ, ಪದೇ ಪದೇ ಬೀಳುತ್ತಾನೆ. ನೆಲದಿಂದ ಏಳುವಾಗ ಮೊದಲು ಕೈಯೂರಿ, ಆಮೇಲೆ ಮೊಳಕಾಲು, ತೊಡೆ ಹೀಗೆ ತನ್ನ ಮೈಯನ್ನೇ ತಾನು ಹತ್ತಿಕೊಂಡು ಏಳುತ್ತಾನೆ. ಮೀನಖಂಡ ಮಾತ್ರ ದಪ್ಪವಾಗಿ, ಗಟ್ಟಿಯಾಗಿ ಕಾಣುತ್ತದೆ. ಅದನ್ನು ಕಂಡು "ನಮ್ಮ ಹುಡುಗ ಪೈಲ್ವಾನನಾಗುತ್ತಾನೆ" ಎಂದು ಹಿಗ್ಗುವ ಅಜ್ಜಂದಿರೂ ಉಂಟು. ಅದು ಬಲದ ಗುರುತಲ್ಲ. ಈ ಚಿಹ್ನೆಗಳನ್ನು ಕಂಡರೆ ಸಿಪಿಕೆ ಎಂಬ ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಬೇಕು. ಈ ರೋಗದಲ್ಲಿ ಅದರ ಅಂಕಿ ಇರಬೇಕಾದುದಕ್ಕಿಂತ ಹತ್ತಾರು ಪಟ್ಟು ಏರಿರುತ್ತದೆ. ಆಮೇಲೆ ವಂಶವಾಹಿಯ ಪರೀಕ್ಷೆಯಿಂದ ರೋಗ ನಿಶ್ಚಯವಾಗುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಈ ದೋಷ ತಾಯಿಯ ಕಡೆಯಿಂದ ಬರುವುದರಿಂದ ಕೆಲವು ಮನೆಗಳಲ್ಲಿ ಸೊಸೆಯ ಮೇಲೆ ತಪ್ಪು ಹೊರಿಸುತ್ತಾರೆ. ಇದಕ್ಕಿಂತ ಅನ್ಯಾಯ ಬೇರೆ ಇಲ್ಲ. ಅವಳಿಗೇ ಅದು ಗೊತ್ತಿರುವುದಿಲ್ಲ. ಮೂರು ಮನೆಗಳಲ್ಲಿ ಸುಮಾರು ಒಂದರಲ್ಲಿ ದೋಷವು ತಾಯಿಯಲ್ಲಿ ಇರುವುದೇ ಇಲ್ಲ. ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಸೋದರಮಾವನನ್ನು ಮದುವೆಯಾದದ್ದರಿಂದ ಹೀಗಾಯಿತು ಎನ್ನುವುದೂ ಈ ರೋಗದ ಮಟ್ಟಿಗೆ ಸುಳ್ಳು. ತಾಯಿ ದೋಷವನ್ನು ಹೊತ್ತವಳೇ ಆಗಿದ್ದರೆ, ಅವಳ ಒಬ್ಬೊಬ್ಬ ಮಗನಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು ಪಾಲು. ಅಕ್ಕತಂಗಿಯರೂ ಅದನ್ನು ಹೊತ್ತಿರಬಹುದು. ಆದುದರಿಂದ ಜಗಳ ಬಿಟ್ಟು ಅವರೆಲ್ಲರಿಗೂ ಪರೀಕ್ಷೆ ಮಾಡಿಸುವುದು ಲೇಸು.

ಇನ್ನು ಮೂಳೆಯ ವಿಷಯಕ್ಕೆ ಬರೋಣ. ರೋಗ ಮಾಂಸಖಂಡದ್ದು, ಮೂಳೆಗೇನು ಬಂತು ಎನ್ನುತ್ತೀರಾ? ಮೂಳೆಯು ಕಲ್ಲುಕಂಬವಲ್ಲ. ಅದು ನಿಮ್ಮ ಹೊಲದ ಬದುವಿನ ಹಾಗೆ. ಒಂದು ಕಡೆ ಸವೆಯುತ್ತಲೇ ಇರುತ್ತದೆ, ಇನ್ನೊಂದು ಕಡೆ ಕಟ್ಟುತ್ತಲೇ ಇರಬೇಕು. ಮೂಳೆಯೊಳಗೆ ಹಳೆಯದನ್ನು ಕೆಡಹುವ ಕೆಲಸಗಾರರೂ ಇದ್ದಾರೆ, ಹೊಸದಾಗಿ ಕಟ್ಟುವ ಕೆಲಸಗಾರರೂ ಇದ್ದಾರೆ. ಎಳೆಯ ವಯಸ್ಸಿನಲ್ಲಿ ಕಟ್ಟುವವರ ಕೈ ಮೇಲಾಗಿರುತ್ತದೆ. ಮನುಷ್ಯನ ಮೂಳೆಯ ಗಟ್ಟಿತನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹದಿನೆಂಟು ಇಪ್ಪತ್ತರ ಹೊತ್ತಿಗೆ ಕೂಡಿಬಿಟ್ಟಿರುತ್ತದೆ. ಸುಗ್ಗಿಯಲ್ಲಿ ಕಣಜ ತುಂಬಿದ ಹಾಗೆ. ಆಮೇಲೆ ಉಳಿಯುವುದು ತೆಗೆದು ತಿನ್ನುವುದೇ.

ಕಟ್ಟುವವರಿಗೆ ಕೆಲಸ ಹೇಳುವವರು ಯಾರು? ಮಾಂಸಖಂಡಗಳು. ಓಡಿದಾಗ, ನೆಗೆದಾಗ, ಮರ ಹತ್ತಿದಾಗ ಅವು ಮೂಳೆಯನ್ನು ಜಗ್ಗುತ್ತವೆ. ಆ ಜಗ್ಗಾಟಕ್ಕೆ ತಕ್ಕ ಹಾಗೆ ಮೂಳೆ ಬಲಿಯುತ್ತದೆ. ಡ್ಯುಷೆನ್ ರೋಗದ ಹುಡುಗನಲ್ಲಿ ಜಗ್ಗುವವರೇ ಸೋತಿರುವುದರಿಂದ, ಕಣಜ ತುಂಬಬೇಕಾದ ವಯಸ್ಸಿನಲ್ಲಿ ಅದು ಅರೆಬರೆಯಾಗಿಯೇ ಉಳಿಯುತ್ತದೆ. ಅವನು ಗಾಲಿಕುರ್ಚಿಗೆ ಬಂದ ಮೇಲಂತೂ ಕಾಲಿನ ಮೂಳೆ ಬೇಗ ಬೇಗ ತೆಳುವಾಗುತ್ತದೆ.

ಇದರ ಮೇಲೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಈ ರೋಗಕ್ಕೆ ದಶಕಗಳಿಂದ ನಿಜವಾಗಿ ಉಪಯೋಗಕ್ಕೆ ಬಂದ ಔಷಧ ಸ್ಟೀರಾಯ್ಡ್ ಮಾತ್ರೆ: ಪ್ರೆಡ್ನಿಸೋಲೋನ್ ಅಥವಾ ಡೆಫ್ಲಾಜಾಕಾರ್ಟ್. 1989ರಲ್ಲಿ ಅಮೆರಿಕದಲ್ಲಿ 103 ಹುಡುಗರನ್ನು ಇಟ್ಟುಕೊಂಡು ಆರು ತಿಂಗಳು ನಡೆಸಿದ ಪರೀಕ್ಷೆಯಲ್ಲಿ ಅದರ ಗುಣ ಖಚಿತವಾಯಿತು. ಮಾತ್ರೆ ಇಲ್ಲದಿದ್ದರೆ ಸಾಮಾನ್ಯವಾಗಿ ಹದಿಮೂರರೊಳಗೆ ನಡಿಗೆ ನಿಲ್ಲುತ್ತದೆ. ಮಾತ್ರೆಯಿಂದ ಮತ್ತೆ ಎರಡು ಮೂರು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು, ನಡಿಗೆ ಸಿಗುತ್ತದೆ. ಬೆನ್ನು ವಾರೆಯಾಗುವುದು ಕಡಿಮೆಯಾಗುತ್ತದೆ, ಉಸಿರಿನ ಬಲವೂ ಹೆಚ್ಚು ಕಾಲ ಉಳಿಯುತ್ತದೆ. ಎರಡು ಮೂರು ವರ್ಷವೇನು ಮಹಾ ಎನ್ನಬೇಡಿ. ತಾನೇ ಎದ್ದು ಬಯಲಿಗೆ, ಶಾಲೆಗೆ ಹೋಗಿಬರುವ ಎರಡು ವರ್ಷ ಎಂದರೆ ಏನೆಂದು ಆ ಹುಡುಗನ ತಾಯಿಯನ್ನು ಕೇಳಿ.

ಆದರೆ ಅದೇ ಮಾತ್ರೆ ಮೂಳೆ ಕಟ್ಟುವವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸುತ್ತದೆ. ಹುಡುಗ ಎತ್ತರಕ್ಕೆ ಬೆಳೆಯುವುದಿಲ್ಲ, ಮುಖ ಉಬ್ಬುತ್ತದೆ, ಹಸಿವು ಹೆಚ್ಚುತ್ತದೆ, ಮೈ ಭಾರ ಏರುತ್ತದೆ. ಯೂರಿಯಾ ಹಾಕಿದ ಭತ್ತ ಹುಲುಸಾಗಿ ಬಂದು ಕೊನೆಗೆ ಒಂದು ಗಾಳಿಗೆ ಒರಗಿಕೊಳ್ಳುವುದಿಲ್ಲವೆ? ಹೋಲಿಕೆ ಪೂರ್ತಿ ಸರಿಯಲ್ಲ. ಇಲ್ಲಿ ಗೊಬ್ಬರ ಹೆಚ್ಚಾಗಿ ಹಾಕಿದ್ದೇನೂ ಅಲ್ಲ, ತಕ್ಕಷ್ಟೇ ಹಾಕಿದೆ. ಆದರೂ ಕಾಂಡ ಮೆದುವಾಗುತ್ತದೆ.

ಎಷ್ಟು ಮಟ್ಟಿಗೆ ಎಂದರೆ, ಅನೇಕ ದೇಶಗಳ ತಜ್ಞರು ಸೇರಿ 2018ರಲ್ಲಿ ಪ್ರಕಟಿಸಿದ ಚಿಕಿತ್ಸಾ ಸೂಚನೆಯಲ್ಲಿ ಹೇಳಿರುವಂತೆ, ಈ ಹುಡುಗರಲ್ಲಿ ನೂರಕ್ಕೆ 20ರಿಂದ 60 ಮಂದಿಗೆ ಸಣ್ಣ ಪೆಟ್ಟಿಗೇ ಕೈಕಾಲಿನ ಮೂಳೆ ಮುರಿಯುತ್ತದೆ. ಹೆಚ್ಚಾಗಿ ಮುರಿಯುವುದು ತೊಡೆಮೂಳೆಯ ಕೆಳತುದಿ, ಮೊಳಕಾಲಿನ ಕೆಳಗಿನ ಮೂಳೆಗಳು. ಬೆನ್ನುಮೂಳೆ ಕುಸಿದು ನೋವು ಕಾಣಿಸಿಕೊಳ್ಳುವುದು ನೂರಕ್ಕೆ 30ರವರೆಗೆ. ನೋವೇ ಇಲ್ಲದೆ ಕುಸಿಯುವುದು ಇದಕ್ಕೆ ಹೊರತು.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕಾಲು ಮುರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೆನ್ನು ಕುಸಿಯುವುದು ಹಾಗಲ್ಲ. ಮಣ್ಣಿನ ಗೋಡೆಯೊಳಗೆ ಗೆದ್ದಲು ಹಿಡಿದ ಹಾಗೆ, ಮೇಲೆ ಸುಣ್ಣ ಬಳಿದದ್ದು ಹಾಗೆಯೇ ಕಾಣುತ್ತಿರುತ್ತದೆ. ಬೆನ್ನಿನ ಮಣಿಗಳು ಒಂದೊಂದಾಗಿ, ಬಿದ್ದ ನೆನಪೂ ಇಲ್ಲದೆ, ಚಪ್ಪಟೆಯಾಗುತ್ತವೆ. ಮಾತ್ರೆ ಹಿಡಿದ ಮೊದಲ ಒಂದೆರಡು ವರ್ಷದಲ್ಲೇ ಇದು ಶುರುವಾಗಬಹುದು. ಒಂದು ಮಣಿ ಕುಸಿದವನಲ್ಲಿ ಮತ್ತೊಂದು ಕುಸಿಯುವ ಸಂಭವ ಹೆಚ್ಚು. ಬೇಗ ಕಂಡುಕೊಂಡು ಔಷಧ ಕೊಟ್ಟರೆ ಎಳೆಯ ವಯಸ್ಸಿನಲ್ಲಿ ಕುಸಿದ ಮಣಿಯೂ ಸ್ವಲ್ಪ ಮಟ್ಟಿಗೆ ತನ್ನ ಆಕಾರಕ್ಕೆ ಮರಳಬಲ್ಲದು. ತಡಮಾಡಿದರೆ ಆ ಅವಕಾಶ ಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ನೋವಿರಲಿ ಇಲ್ಲದಿರಲಿ, ಮಾತ್ರೆ ಶುರುಮಾಡುವಾಗ ಬೆನ್ನಿನ ಎಕ್ಸ್‌ರೇಯನ್ನು ಪಕ್ಕದಿಂದ ಒಂದು ಸಲ ತೆಗೆಸಬೇಕು. ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ತೆಗೆಸಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ. ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಎಂಬ ಪರೀಕ್ಷೆಯೂ ಉಂಟು, ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದು. ಅದಕ್ಕೆ ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಎರಡರಲ್ಲಿ ಒಂದೇ ಆಗುವುದಾದರೆ ಎಕ್ಸ್‌ರೇಯನ್ನೇ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಹುಡುಗ "ಬೆನ್ನು ನೋಯುತ್ತದೆ" ಎಂದ ದಿನ ವರ್ಷ ತುಂಬಲೆಂದು ಕಾಯಬೇಕಾಗಿಲ್ಲ. ಆ ಬೆನ್ನಿಗೆ ಎಣ್ಣೆ ಹಚ್ಚಿ ನೀವುವುದು, ಮಂಡಿಯಿಂದ ಒತ್ತಿ "ಲಟಕ್" ಎನ್ನಿಸುವುದು, ಮೇಲೆ ಮಗುವನ್ನು ಹತ್ತಿಸಿ ತುಳಿಸುವುದು ಇವು ಯಾವುದೂ ಕೂಡದು. ಎಣ್ಣೆ ನೀವಿಸಿಕೊಂಡು ತಿಂಗಳುಗಟ್ಟಲೆ ಕಳೆದ ಮೇಲೆ ಬಂದವರ ಎಕ್ಸ್‌ರೇಯಲ್ಲಿ ಮೂರು ಮೂರು ಮಣಿಗಳು ಕುಸಿದಿರುವುದನ್ನು ನಾನು ನೋಡಿದ್ದೇನೆ.

ಮಣಿ ಕುಸಿದಿದೆ ಎಂದು ಗೊತ್ತಾದರೆ, ಅದು ಸ್ವಲ್ಪವೇ ಇದ್ದರೂ, ಬಿಸ್ಫಾಸ್ಫೊನೇಟ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ಜೊಲೆಡ್ರೊನಿಕ್ ಆಸಿಡ್, ಪಾಮಿಡ್ರೊನೇಟ್ ಎಂಬವು ಈ ಜಾತಿಯವು. ಇವು ಮೂಳೆ ಕೆಡಹುವವರ ಕೈಕಟ್ಟಿ ಕೂರಿಸುತ್ತವೆ. ಕೆಲವು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಮೊದಲನೆಯ ಸಲ ಕೊಟ್ಟಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದುಂಟು. "ಇಂಜೆಕ್ಷನ್ ಹಾಕಿಸಿದ ಮೇಲೆ ಇನ್ನೂ ಕೆಟ್ಟಿತು" ಎಂದು ಹೆದರಿ ಬಿಟ್ಟುಬಿಡಬೇಡಿ. ಆದರೆ ಇದಕ್ಕೆ ಮುಂಚೆ ಹುಡುಗನ ಮೈಯಲ್ಲಿ ಸುಣ್ಣದ ಅಂಶ, ಜೀವಸತ್ವ ಡಿ ಸರಿಯಾಗಿರಬೇಕು, ಹಲ್ಲು ಪರೀಕ್ಷೆಯಾಗಿರಬೇಕು. ಇದು ತಜ್ಞರು ನೋಡಿ ಕೊಡುವ ಔಷಧ, ಅಂಗಡಿಯಲ್ಲಿ ಕೇಳಿ ತರುವುದಲ್ಲ.

ಈಗ ಕಾಲು ಮುರಿದಾಗಿನ ಮಾತು. ನಮ್ಮ ಕಡೆ ಮೂಳೆ ಮುರಿದರೆ ಮೊದಲು ನೆನಪಾಗುವುದು ಮೂಳೆ ಕಟ್ಟುವವರು. ಅವರನ್ನು ನಾನು ಹಳಿಯಲು ಬಂದಿಲ್ಲ. ಆರೋಗ್ಯವಂತ ಮಕ್ಕಳ ಎಷ್ಟೋ ಕೈಗಳು ಅವರ ಕಟ್ಟಿನಲ್ಲಿ ಕೂಡಿಕೊಂಡಿವೆ. ಈ ಹುಡುಗರ ವಿಷಯ ಬೇರೆ. ಬೇರೆಯವರ ಮಕ್ಕಳು ಆರು ವಾರ ಮಲಗಿ ಎದ್ದರೆ ಒಂದು ತಿಂಗಳಲ್ಲಿ ಓಡುತ್ತಾರೆ. ಇವರ ಮಾಂಸಖಂಡ ಆರು ವಾರ ಮಲಗಿತೆಂದರೆ ಸೋತದ್ದು ತಿರುಗಿ ಬರುವುದಿಲ್ಲ. ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗ, ಗೋಡೆ ಹಿಡಿದಾದರೂ ನಡೆಯುತ್ತಿದ್ದವನು, ಬಚ್ಚಲ ಕಲ್ಲಿನ ಮೇಲೆ ಜಾರಿದ. ತೊಡೆಗೆ ಬಿದಿರಿನ ದಬ್ಬೆ ಕಟ್ಟಿ ಎರಡು ತಿಂಗಳು ಮಲಗಿಸಿದರು. ಕಟ್ಟು ಬಿಚ್ಚಿದಾಗ ಮೂಳೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಹುಡುಗ ಮಾತ್ರ ಮತ್ತೆ ನಿಲ್ಲಲಿಲ್ಲ. ಮೂಳೆ ಉಳಿಯಿತು, ನಡಿಗೆ ಹೋಯಿತು. ಇನ್ನೂ ಎರಡು ಮೂರು ವರ್ಷ ನಡೆಯಬೇಕಾಗಿದ್ದವನು ಅವನು.

ಆದುದರಿಂದ ನಡೆಯುತ್ತಿರುವ ಹುಡುಗನ ಕಾಲು ಮುರಿದರೆ ಮೂಳೆತಜ್ಞರಿರುವ ಆಸ್ಪತ್ರೆಗೆ ಅದೇ ದಿನ ಸೇರಿಸಿ. ಸಾಧ್ಯವಾದ ಕಡೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸರಳು ಅಥವಾ ಪಟ್ಟಿ ಕೂರಿಸಿ, ಕೆಲವೇ ದಿನಗಳಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸುವುದೇ ಗುರಿ. "ಇವನಿಗೆ ಡ್ಯುಷೆನ್ ರೋಗವಿದೆ, ಮುರಿಯುವ ಮುಂಚೆ ನಡೆಯುತ್ತಿದ್ದ" ಎಂಬ ಎರಡು ಮಾತನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಬೇಕು. ಇದನ್ನು ಹೇಳದಿದ್ದರೆ ಅವರೂ ಎಲ್ಲರಿಗೆ ಹಾಕುವಂತೆ ಪಟ್ಟು ಹಾಕಿ ಕಳಿಸಿಬಿಡಬಹುದು.

ಅರಿವಳಿಕೆಯ ವಿಷಯದಲ್ಲೂ ಎಚ್ಚರ ಬೇಕು. ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಮತ್ತು ಮೂಗಿನಿಂದ ಎಳೆದುಕೊಳ್ಳುವ ಕೆಲವು ಅನಿಲಗಳು ಈ ಹುಡುಗರಿಗೆ ಪ್ರಾಣಾಪಾಯ ತರಬಲ್ಲವು. ಬೇರೆ ಬಗೆಯ ಅರಿವಳಿಕೆಗಳಿವೆ. ರೋಗದ ಹೆಸರು ಹೇಳಿದರೆ ಅರಿವಳಿಕೆಯ ವೈದ್ಯರಿಗೆ ಉಳಿದದ್ದು ಗೊತ್ತಾಗುತ್ತದೆ.

ಇನ್ನೊಂದು ಅಪಾಯವಿದೆ, ಇದನ್ನು ವೈದ್ಯರಲ್ಲೂ ಕೆಲವರು ಮರೆಯುತ್ತಾರೆ. ಬಿದ್ದ ಮೇಲೆ, ಮೂಳೆ ಮುರಿದಿರಲಿ ಮುರಿಯದೆ ಇರಲಿ, ಒಂದೆರಡು ದಿನದೊಳಗೆ ಹುಡುಗನಿಗೆ ಉಸಿರು ಕಟ್ಟಿದರೆ, ಮಂಪರು ಕವಿದರೆ, ಮಾತು ತೊದಲಿದರೆ, ಅದನ್ನು ಭಯ ಎನ್ನಬೇಡಿ, ಗಾಳಿ ಸೋಕಿತು ಎನ್ನಬೇಡಿ. ಮೂಳೆಯೊಳಗಿನ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಶ್ವಾಸಕೋಶವನ್ನು, ಮೆದುಳನ್ನು ಮುಟ್ಟಿರುತ್ತವೆ. ಒಂದು ಗಂಟೆಯೂ ಕಾಯದೆ 108ರ ಗಾಡಿ ಕರೆಸಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಬೀಳದ ಹಾಗೆ ನೋಡಿಕೊಳ್ಳುವುದು ಇದಕ್ಕಿಂತ ಮೇಲು ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಮನೆಗಳು ಆರೋಗ್ಯವಂತರ ಕಾಲಿಗೆ ಕಟ್ಟಿದವು. ಎತ್ತರದ ಹೊಸಿಲು, ಜಗುಲಿಯಿಂದ ಅಂಗಳಕ್ಕೆ ಮೆಟ್ಟಿಲು, ಪಾಚಿ ಕಟ್ಟಿದ ಬಚ್ಚಲ ಕಲ್ಲು, ಕೊಟ್ಟಿಗೆಯಲ್ಲಿ ಅಡ್ಡ ಬಿದ್ದ ಹಗ್ಗ, ಈಗೀಗ ಹೊಸ ಮನೆಗಳಲ್ಲಿ ಕನ್ನಡಿಯಂತೆ ಜಾರುವ ಟೈಲ್ಸು. ಇವನೋ ಕಾಲನ್ನು ಎತ್ತಿ ಇಡಲಾರ, ಬೆರಳ ತುದಿಯಲ್ಲಿ ನಡೆಯುತ್ತಾನೆ. ಎರಡು ಬೆರಳಷ್ಟು ಎತ್ತರವೂ ಅವನಿಗೆ ಬೇಲಿಯೇ. ಹೊಸಿಲಿನ ಎರಡು ಕಡೆಗೂ ಸಿಮೆಂಟಿನ ಇಳಿಜಾರು ಮಾಡಿಕೊಡಿ. ಹೊಸಿಲನ್ನು ತೆಗೆಯಬಾರದೆಂಬ ನಂಬಿಕೆಗೆ ಇದರಿಂದ ಏನೂ ಭಂಗವಿಲ್ಲ. ಬಚ್ಚಲಿನಲ್ಲಿ ಗೋಣಿಚೀಲ ಹಾಸಬೇಡಿ, ಅದು ಜಾರುತ್ತದೆ. ಒರಟು ಕಲ್ಲು ಅಥವಾ ರಬ್ಬರಿನ ಚಾಪೆ ಹಾಸಿ. ಕುಳಿತು ಮೀಯಲು ಒಂದು ಗಟ್ಟಿಯಾದ ಕುರ್ಚಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕೊಳವೆ. ಮನೆಯಲ್ಲಿ ಬೋರ್‌ವೆಲ್ಲಿನ ಹಳೆಯ ಕೊಳವೆಯ ತುಂಡು ಯಾರ ಹತ್ತಿರ ಇಲ್ಲ? ರಾತ್ರಿ ಅವನು ಏಳುವ ದಾರಿಯಲ್ಲಿ ದೀಪ ಇರಲಿ.

ಅವನನ್ನು ಎತ್ತುವ ಕ್ರಮವನ್ನೂ ಹೇಳಬೇಕು. ಕಂಕುಳಿಗೆ ಕೈಕೊಟ್ಟು ಎತ್ತಿದರೆ ಹೆಗಲಲ್ಲಿ ಬಲವಿಲ್ಲದೆ ಕೈಯಿಂದ ಜಾರಿಬಿಡುತ್ತಾನೆ. ರಟ್ಟೆ ಹಿಡಿದು ಎಳೆಯಲೂ ಬಾರದು. ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಯ ಕೆಳಗೆ ಕೊಟ್ಟು, ಆದಷ್ಟು ಇಬ್ಬರು ಸೇರಿ ಎತ್ತಬೇಕು. ಗಾಲಿಕುರ್ಚಿಗೆ ಬಂದವರಲ್ಲಿ ಮೂಳೆ ಮುರಿಯುವುದು ಬಹುಪಾಲು ಹೀಗೆ ಎತ್ತಿ ಇಳಿಸುವಾಗ ಮತ್ತು ಕುರ್ಚಿ ಮುಗ್ಗರಿಸಿದಾಗ. ನಮ್ಮ ರಸ್ತೆಯ ಗುಂಡಿಯಲ್ಲಿ ಮುಂದಿನ ಚಕ್ರ ಸಿಕ್ಕಿದರೆ ಹುಡುಗ ನೇರವಾಗಿ ನೆಲಕ್ಕೆ ಬೀಳುತ್ತಾನೆ. ಸೊಂಟಕ್ಕೆ ಪಟ್ಟಿ ಕಟ್ಟದೆ ಒಂದು ಮಾರೂ ತಳ್ಳಬೇಡಿ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದನ್ನೂ ಬಿಡಬೇಕು.

ಬೀಳುತ್ತಾನೆಂದು ಅವನನ್ನು ದಿನವೆಲ್ಲ ಕೂರಿಸಿಬಿಡುವುದೂ ತಪ್ಪೇ. ಆಗುವಷ್ಟು ದಿನ ನಿಲ್ಲಬೇಕು, ನಡೆಯಬೇಕು. ಮೂಳೆಗೆ ಅದೇ ಆಹಾರ. ಆದರೆ ಬಸ್ಕಿ ತೆಗೆಸುವುದು, ಭಾರ ಹೊರಿಸುವುದು, ಗುಡ್ಡ ಇಳಿಸುವುದು ಬೇಡ. "ವ್ಯಾಯಾಮ ಮಾಡಿದರೆ ಬಲ ಬರುತ್ತದೆ" ಎಂಬ ಮಾತು ಇವರಿಗೆ ಅನ್ವಯಿಸುವುದಿಲ್ಲ, ಹರಿದ ಹಗ್ಗ ಇನ್ನಷ್ಟು ಹರಿಯುತ್ತದೆ.

ಆಹಾರದ ವಿಷಯದಲ್ಲಿ ನಾವು ಅದೃಷ್ಟವಂತರು. ಏಕೆಂದರೆ ಮೂಳೆಗೆ ಬೇಕಾದ ಸುಣ್ಣದ ಅಂಶ ಬೇರೆ ಯಾವ ಧಾನ್ಯಕ್ಕಿಂತಲೂ ರಾಗಿಯಲ್ಲಿ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಹತ್ತರಷ್ಟೂ ಇಲ್ಲವೆಂದರೆ ಸರಿ. ಹದಿಮೂರರಿಂದ ಹದಿನೈದು ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು. ನೂರು ಗ್ರಾಂ ಹಿಟ್ಟಿನ ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ನುಗ್ಗೆಸೊಪ್ಪಿನದೋ ದಂಟಿನಸೊಪ್ಪಿನದೋ ಒಂದು ಸಾರು, ಮೇಲೆ ಒಂದು ಚಮಚ ಎಳ್ಳಿನ ಪುಡಿ ಇಷ್ಟಾದರೆ ಲೆಕ್ಕ ಸರಿಹೋಗುತ್ತದೆ. ಇಂಡಾಫ್ ಆಗಲಿ, ಜಿಪಿಯು ಆಗಲಿ, ನಾಟಿ ರಾಗಿಯಾಗಲಿ, ನಿಮ್ಮ ಹೊಲದ್ದೇ ಸಾಕು. ರಾಗಿಯಲ್ಲಿರುವ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ ಎಂಬುದೂ ನಿಜವೇ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಹೆಚ್ಚು ಹತ್ತುತ್ತದೆ. ನಮ್ಮ ಅಜ್ಜಿಯಂದಿರು ಕೂಸುಗಳಿಗೆ ಮಾಡುತ್ತಿದ್ದ ರಾಗಿಸರಿಯ ಹಿಟ್ಟು ಅದೇ; ದೊಡ್ಡ ಹುಡುಗನಿಗೆ ಮಾಡಿಕೊಟ್ಟರೆ ಯಾರೂ ನಗುವುದಿಲ್ಲ.

ಹಾಲನ್ನೆಲ್ಲ ಡೇರಿಗೆ ಅಳೆದು, ಮನೆಯ ಮಗುವಿಗೆ ಕರಿ ಚಹ ಕೊಡುವ ಮನೆಗಳನ್ನು ನಾನು ಬಲ್ಲೆ. ಅರ್ಧ ಲೀಟರನ್ನು ಈ ಹುಡುಗನ ಪಾಲೆಂದು ಹಿಂದೆ ಇಟ್ಟುಕೊಳ್ಳಿ. 2013ರಿಂದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. ನಡೆಯಲಾರದೆ ಶಾಲೆ ಬಿಟ್ಟ ಹುಡುಗ ಪಾಠದ ಜೊತೆಗೆ ಆ ಲೋಟವನ್ನೂ ಕಳೆದುಕೊಳ್ಳುತ್ತಾನೆ. ಅವನನ್ನು ಶಾಲೆಗೆ ತಲುಪಿಸುವ ಏರ್ಪಾಡನ್ನು ಊರವರು ಮಾಡಿದರೆ ಎರಡೂ ಉಳಿಯುತ್ತವೆ.

ಸುಣ್ಣದ ಅಂಶ ಎಂದೊಡನೆ ಎಲೆ ಅಡಿಕೆಯ ಸುಣ್ಣವನ್ನು ಮೊಸರಿನಲ್ಲಿ ಕಲಸಿ ಕೊಡಬಹುದೆಂದು ಮೊಬೈಲಿನಲ್ಲಿ ಬಂದಿತೆಂದು ಒಬ್ಬರು ಕೇಳಿದರು. ದಯವಿಟ್ಟು ಬೇಡ. ಅದು ಬಾಯಿಯನ್ನೂ ಕರುಳನ್ನೂ ಸುಡುತ್ತದೆ. ಮಾತ್ರೆಯನ್ನು ಕೂಡ ವೈದ್ಯರು ಹೇಳಿದಷ್ಟೇ ಕೊಡಬೇಕು, ಹೆಚ್ಚಾದರೆ ಮೂತ್ರದಲ್ಲಿ ಕಲ್ಲಾಗುತ್ತದೆ. ಜೀವಸತ್ವ ಡಿ ಬಿಸಿಲಿನಿಂದ ಬರುವುದಾದರೂ ಮನೆಯೊಳಗೇ ಉಳಿಯುವ ಈ ಹುಡುಗರಲ್ಲಿ ಸಾಮಾನ್ಯವಾಗಿ ಕಡಿಮೆ. ದಿನವೂ ಸ್ವಲ್ಪ ಹೊತ್ತು ಕೈಕಾಲು ಬೆನ್ನಿಗೆ ಬಿಸಿಲು ಬೀಳುವಂತೆ ಅಂಗಳದಲ್ಲಿ ಕೂರಿಸಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದಷ್ಟನ್ನು ಔಷಧದಿಂದ ತುಂಬಿಸಬೇಕು. ಆರು ಲಕ್ಷ ಯೂನಿಟ್ಟಿನ ಚುಚ್ಚುಮದ್ದನ್ನು ಶಕ್ತಿಯ ಸೂಜಿ ಎಂದು ಮೇಲಿಂದ ಮೇಲೆ ಚುಚ್ಚಿಸುವವರಿದ್ದಾರೆ, ಅದು ವಿಷವಾದೀತು.

ಸ್ಟೀರಾಯ್ಡಿನಿಂದ ಹಸಿವು ಹೆಚ್ಚುತ್ತದೆ ಎಂದೆನಲ್ಲ. ಪಾಪ, ಕಾಯಿಲೆಯ ಹುಡುಗ ಕೇಳಿದ್ದನ್ನು ಕೊಡೋಣ ಎಂದು ಬೋಂಡ, ಚಿಪ್ಸು, ಸಿಹಿ ಎಲ್ಲ ಕೊಡುತ್ತೇವೆ. ಭಾರ ಒಂದೊಂದು ಕಿಲೋ ಏರಿದಂತೆ ಸೋತ ಕಾಲು ಇನ್ನೂ ಬೇಗ ಸೋಲುತ್ತದೆ, ಬಿದ್ದಾಗ ಪೆಟ್ಟೂ ಜಾಸ್ತಿ. ಹುರುಳಿ, ಕಾಳು, ಮೊಟ್ಟೆ, ತರಕಾರಿಯಲ್ಲಿ ಹೊಟ್ಟೆ ತುಂಬಿಸಿ.

ಹದಿನಾಲ್ಕು ವರ್ಷವಾದರೂ ಮೀಸೆ ಚಿಗುರದೆ, ಧ್ವನಿ ಒಡೆಯದೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಸ್ಟೀರಾಯ್ಡಿನಿಂದ ಯೌವನ ತಡವಾಗುತ್ತದೆ. ಯೌವನದ ರಸಗಳಿಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ. ಹುಡುಗ ನಾಚಿಕೊಂಡು ತಾನಾಗಿ ಹೇಳಲಾರ. ತಂದೆಯೋ ಸೋದರಮಾವನೋ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದರೆ ಒಳ್ಳೆಯದು.

ಇದನ್ನೆಲ್ಲ ಕೇಳಿದ ಮೇಲೆ ಮೂಳೆ ಕೆಡಿಸುವ ಆ ಮಾತ್ರೆಯನ್ನೇ ನಿಲ್ಲಿಸಿಬಿಡೋಣ ಎಂದು ಯಾರಾದರೂ ಮನಸ್ಸಿನಲ್ಲಿ ಎಣಿಸುತ್ತಿದ್ದರೆ ಅವರಿಗೆ ಕೈಮುಗಿದು ಹೇಳುತ್ತೇನೆ: ನಿಲ್ಲಿಸಬೇಡಿ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡ ಮೈ ತನಗೆ ಬೇಕಾದ ಆ ರಸವನ್ನು ತಾನೇ ತಯಾರಿಸುವುದನ್ನು ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ವಾಂತಿ, ನಿಶ್ಶಕ್ತಿ, ರಕ್ತದ ಒತ್ತಡ ಇಳಿಯುವುದು, ಕೊನೆಗೆ ಪ್ರಾಣವೇ ಹೋಗಬಹುದು. ಪ್ರಮಾಣವನ್ನು ತಗ್ಗಿಸಬೇಕಾದರೆ ವೈದ್ಯರು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾರೆ. ಜಾತ್ರೆಗೆ, ನೆಂಟರ ಮನೆಗೆ ಹೋಗುವಾಗ ಮಾತ್ರೆ ಮರೆತು ಹೋಗುವುದೂ ಇದಕ್ಕೆ ಸಮವೇ. ವಾಂತಿಭೇದಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಸೂಜಿಯ ಮೂಲಕ ಕೊಡಿಸಬೇಕು. ಜೋರು ಜ್ವರ ಬಂದಾಗ, ಮೂಳೆ ಮುರಿದಾಗ, ಶಸ್ತ್ರಚಿಕಿತ್ಸೆಯಾದಾಗ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಮೂಳೆಗೆ ಸ್ವಲ್ಪ ಸೌಮ್ಯವಾಗಿರಬಹುದೆಂಬ ವ್ಯಾಮೊರೊಲೋನ್ ಎಂಬ ಹೊಸ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಅದರ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಸದ್ಯಕ್ಕೆ ನಮಗಿರುವುದು ಹಳೆಯ ಅಗ್ಗದ ಮಾತ್ರೆಯೇ, ಅದನ್ನು ಜೋಪಾನವಾಗಿ ಬಳಸಿಕೊಳ್ಳಬೇಕು.

ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ಶಾಲೆಗೂ ಅಂಗನವಾಡಿಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಬಿದ್ದು ಬಿದ್ದು ಏಳುವ ಹುಡುಗನನ್ನು ಆ ದಿನ ಮನೆಯಲ್ಲಿ ಬಚ್ಚಿಡಬೇಡಿ, ಮುಂದೆ ನಿಲ್ಲಿಸಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ರೋಗವನ್ನು ಚೆನ್ನಾಗಿ ಬಲ್ಲ ವೈದ್ಯರಿದ್ದಾರೆ. ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಮಾನವ ತಳಿವಿಜ್ಞಾನ ಕೇಂದ್ರವೂ ಸೇರಿ ಅಪರೂಪದ ರೋಗಗಳನ್ನು ನೋಡುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗವನ್ನು ಹೆಸರಿಸಿಯೇ ಸೇರಿಸಿದ್ದಾರೆ. ಆದ್ದರಿಂದ ಗುರುತಿನ ಚೀಟಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು. ಅದಕ್ಕಾಗಿ ಯಾರ ಮುಂದೆಯೂ ಹಲ್ಲುಗಿಂಜಬೇಕಾಗಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಒಂದು ಗಟ್ಟಿ ಕಾಗದದ ಮೇಲೆ ಹುಡುಗನ ಹೆಸರು, ರೋಗದ ಹೆಸರು, ದಿನವೂ ತೆಗೆದುಕೊಳ್ಳುವ ಮಾತ್ರೆ ಮತ್ತು ಅದರ ಪ್ರಮಾಣ, "ಈ ಮಾತ್ರೆಯನ್ನು ನಿಲ್ಲಿಸಬಾರದು" ಎಂಬ ಮಾತು, ಅರಿವಳಿಕೆಯ ಎಚ್ಚರಿಕೆ, ಕೊನೆಯ ಬೆನ್ನಿನ ಎಕ್ಸ್‌ರೇ ತೆಗೆದ ತಾರೀಖು ಇವಿಷ್ಟನ್ನು ಬರೆಸಿ, ಪ್ಲಾಸ್ಟಿಕ್ ಹೊದಿಸಿ, ಒಂದನ್ನು ಅವನ ಜೇಬಿನಲ್ಲಿ, ಇನ್ನೊಂದನ್ನು ಮನೆಯ ಬಾಗಿಲ ಹಿಂದೆ, ಮತ್ತೊಂದನ್ನು ಶಾಲೆಯ ಮೇಷ್ಟ್ರ ಹತ್ತಿರ ಇಡಿ. ಅಂಥ ಮನೆಯವರು ಈ ಸಭೆಯಲ್ಲಿದ್ದರೆ ಮಾತ್ರೆಯ ಪಟ್ಟಿಯನ್ನೂ ಹಳೆಯ ಆಸ್ಪತ್ರೆ ಚೀಟಿಗಳನ್ನೂ ತೆಗೆದುಕೊಂಡು ಬನ್ನಿ. ಆಶಾ ಕಾರ್ಯಕರ್ತೆಯರು ಕಾಗದ ತಂದಿದ್ದಾರೆ, ಇಲ್ಲೇ ಕುಳಿತು ಬರೆದುಕೊಡುತ್ತೇನೆ.